ಲಾಟೀನು ಏಡಿಗೆ ಬೆಲೆ ಕಟ್ಟುವುದು

ಗ್ದೀನಿಯಾ ಬಂದರಿನ ಎರಡನೆಯ ಗೇಟಿನಲ್ಲಿ
ಲಾರಿ ತೂಗುವುದು ನನ್ನ ಕೆಲಸ.
ಬರುವಾಗ ಒಂದು ತೂಕ, ಹೋಗುವಾಗ ಒಂದು,
ಕಳೆದರೆ ಉಳಿಯುವುದು ಗೋಧಿ, ಇಲ್ಲವೇ ಕಲ್ಲಿದ್ದಲು,
ಜನವರಿಯಲ್ಲಿ ಒಮ್ಮೊಮ್ಮೆ ಬರೀ ಹಿಮ.

ಎರಡು ಲಾರಿಗಳ ನಡುವೆ ಫೋನು ತೆಗೆಯುತ್ತೇನೆ.
ರಾತ್ರಿ ಎರಡೂವರೆಗೆ ಪೊಟ್ಟಣ ಒಡೆದಾಗ ಬಂದದ್ದು ಇದು:
ಲಾಟೀನು ಏಡಿ.
ಬೆಲೆ ಮೂರು ಹರಳು. ಏಟು ಒಂದು. ಜೀವ ನಾಲ್ಕು.
ಕೆಳಗೆ ಇರುವೆಸಾಲಿನಂಥ ಅಕ್ಷರದಲ್ಲಿ,
‘ಈ ಸರದಿ ಹೊಡೆಯದೆ ಕೂತಿದ್ದರೆ
ಎಡಗಡೆಯ ಪ್ರಾಣಿಗೆ ಒಂದು ಜೀವ ಹೆಚ್ಚು.’

ಮೊದಲು ಅಂಕಿ ನೋಡಬೇಕು, ಚಿತ್ರ ಆಮೇಲೆ.
(ಚಿತ್ರ ಚೆನ್ನಾಗಿದೆ. ಕೊಂಡಿಗೆ ಸಿಕ್ಕಿಸಿದ ದೀಪದ ಸುತ್ತ
ಬಿಡಿಸಿದವರು ಯಾರೋ ಎರಡು ಸೊಳ್ಳೆ ಕೂಡ ಇಟ್ಟಿದ್ದಾರೆ.)
ಮೂರು ಹರಳಿಗೆ ಬೇರೆ ಏನು ಸಿಗುತ್ತದೆ?
ಮೂರು ಏಟಿನ ತೋಳ ಸಿಗುತ್ತದೆ,
ಕೈಗೆ ಎರಡು ಎಲೆ ತಂದುಕೊಡುವ ಗೂಬೆ ಸಿಗುತ್ತದೆ.
ಇದೋ, ಬಂದ ಸರದಿ ಸುಮ್ಮನೆ ಕೂರುತ್ತದೆ,
ಮುಂದಿನ ಸರದಿಯೂ.
ಎಡಗಡೆ ಯಾರೂ ಇಲ್ಲದಿದ್ದರೆ
ಖಾಲಿ ಜಾಗಕ್ಕೆ ದೀಪ ಹಿಡಿಯುತ್ತದೆ.
ಕಾಸಿಗೆ ತಕ್ಕ ಕಜ್ಜಾಯ ಅನ್ನುವ ಲೆಕ್ಕದಲ್ಲೂ
ಇದು ಅರ್ಧ ಕಜ್ಜಾಯ.

ಗ್ನೆವೋಮಿರ್ ಬಂದ, ಎಣ್ಣೆಬೀಜದ ಲಾರಿಯವನು.
ಕಿಟಕಿಯ ಗಾಜಿಗೆ ಮೀಸೆ ತಾಗಿಸಿ ನೋಡಿದ:
‘ಪುಡಿ ಮಾಡು, ಝೀತಾ. ನಲವತ್ತು ಚೂರು ಬರುತ್ತೆ.
ಆಟಕ್ಕುಂಟು ಲೆಕ್ಕಕ್ಕಿಲ್ಲ, ಅಂಥದ್ದು ಅದು.’
ಅವನು ಪಟ್ಟಿಯ ಮೊದಲ ಸಾವಿರದೊಳಗಿನವನು,
ನಾನು ಹದಿನಾರು ಸಾವಿರದ ಆಚೆಗಿನವಳು.
ಬೆರಳು ಪುಡಿಯ ಗುಂಡಿಯ ಮೇಲೇ ಇತ್ತು.
ಅಷ್ಟರಲ್ಲಿ ಹಿಂದಿನ ಲಾರಿ ಹಾರ್ನ್ ಹೊಡೆಯಿತು.

ಆ ವಾರ ಅದನ್ನಿಟ್ಟುಕೊಂಡು ಹದಿನೇಳು ಆಟ ಆಡಿದೆ.
ಹನ್ನೊಂದು ಸೋತೆ. ಸೋತದ್ದನ್ನೆಲ್ಲ
ತೂಕದ ಚೀಟಿಯ ಬೆನ್ನಿಗೆ ಬರೆದಿಟ್ಟೆ:
ನಾಲ್ಕರಲ್ಲಿ ಏಡಿ ಕೈಗೇ ಬರಲಿಲ್ಲ, ಅದರ ತಪ್ಪಲ್ಲ.
ಐದರಲ್ಲಿ ಬೆಂಕಿಮಳೆ ಸುರಿದು ಎಲ್ಲರ ಜೊತೆ ಅದೂ ಹೋಯಿತು.
ಎರಡರಲ್ಲಿ, ತೂಗುವವಳು ನಾನೇ ತೂಕಡಿಸಿದೆ.
ಗೆದ್ದ ಆರರಲ್ಲಿ ಒಂದು ಸಂಗತಿ ಕಂಡಿತು.
ಯಾರೂ ಅದನ್ನು ಹೊಡೆಯಲಿಲ್ಲ.
ಒಂದು ಏಟಿನ ಪ್ರಾಣಿಗೆ ಮದ್ದು ಖರ್ಚು ಮಾಡುವ ದಡ್ಡರು ಯಾರು?
ಎಡಗಡೆಯ ಮುದಿ ಕರಡಿ
ಏಳು, ಎಂಟು, ಒಂಬತ್ತು ಎಂದು ಉಬ್ಬುತ್ತಾ ಹೋದಾಗ
ಎದುರಿನವರು ಕರಡಿಯನ್ನೇ ಬೈದುಕೊಂಡಿರಬೇಕು.

ಹಾಗಾಗಿ ಅಂಕ ಕೊಡುವುದಾದರೆ, ಹತ್ತಕ್ಕೆ ನಾಲ್ಕು.
ಕರಡಿ ಇದ್ದರೆ ಆರು.
ನಾಲ್ಕನೇ ಸರದಿಗೆ ಮೊದಲು ಇಳಿಸಬಾರದು.
ಸಾಲಿನ ಎಡತುದಿಯಲ್ಲಂತೂ ಕೂರಿಸಲೇಬಾರದು.
ಗ್ನೆವೋಮಿರ್‌ಗೆ ಇಷ್ಟನ್ನೂ ಹೇಳಿದೆ.
ಅವನು ರಸೀದಿಗೆ ಸಹಿ ಹಾಕಿ, ‘ಆರಾ?’ ಅಂದ.

ಮಾರ್ಚ್ ತಿಂಗಳಲ್ಲಿ ಆಟದ ಕಂಪನಿಯವರು ತಿದ್ದುಪಡಿ ತಂದರು.
ಏಡಿಗೀಗ ಎರಡೇ ಹರಳು.
ವಾರದೊಳಗೆ ಎಲ್ಲರ ಕಟ್ಟಿನಲ್ಲೂ ಅದೇ.
ಎಡಕ್ಕೆ ಸಿಂಹ, ಎಡಕ್ಕೆ ಡ್ರ್ಯಾಗನ್,
ಕೆಲವರದಂತೂ ಎರಡೆರಡು ಲಾಟೀನು, ಮದುವೆ ಮೆರವಣಿಗೆ.
ಗ್ನೆವೋಮಿರ್ ಈಗ ಲಾರಿಯನ್ನು ಹಲಗೆಯ ಮೇಲೆ ನಿಲ್ಲಿಸಿಕೊಂಡೇ ಆಡುತ್ತಾನೆ,
‘ಒಳ್ಳೇ ಕಾರ್ಡು ಕಣೇ’ ಅನ್ನುತ್ತಾನೆ
ತಾನೇ ಹೆತ್ತು ಸಾಕಿದವನ ಹಾಗೆ.

ನಿನ್ನೆ ಎದುರಿಗೆ ಬಂದವರ ಊರು ಗೊತ್ತಿಲ್ಲ,
ಹೆಸರಿನ ಜಾಗದಲ್ಲಿ ಒಂದು ಮೀನಿನ ಗುರುತು.
ಎರಡನೇ ಸರದಿಗೆ ಏಡಿ ಇಳಿಸಿದರು, ಸರಿಯಾದ ಜಾಗಕ್ಕೇ.
ನನ್ನ ಕೈಯಲ್ಲಿ ಇದ್ದದ್ದು ಒಂದೇ ಸಿಡಿಮದ್ದು, ನಾಲ್ಕು ಏಟಿನದು.
ಆ ದಡ್ಡಿ ನಾನೇ ಆದೆ.
ದೀಪ ಆರಿತು. ಚಿಪ್ಪು ಚೂರಾಗಿ ಉದುರಿದ ಮೇಲೂ
ಸೊಳ್ಳೆಗಳೆರಡು ಅರೆಗಳಿಗೆ ಪರದೆಯ ಮೇಲೇ ಸುತ್ತಿದವು.
ಹಾಗೊಂದನ್ನು ಮಾಡಿಟ್ಟಿದ್ದಾರೆಂದು ನನಗೆ ತಿಳಿದಿರಲಿಲ್ಲ;
ನನ್ನದನ್ನು ಯಾರೂ ಗುರಿಯಿಟ್ಟು ಕೊಂದವರೇ ಇಲ್ಲವಲ್ಲ.

ಆಟವನ್ನೂ ಸೋತೆ.
ಹಲಗೆಯ ಮೇಲೆ ಲಾರಿಯೊಂದು ಬಂದು ನಿಂತಿತ್ತು,
ಹದಿನಾಲ್ಕು ಟನ್ನು, ಮೇಲೆ ಎಂಟುನೂರ ಇಪ್ಪತ್ತು ಕಿಲೋ.
ಖಾಲಿ.